ಕಾಳಿಯಿಂದ ಮೋತಿಯವರೆಗೆ

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದು ನಾವು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತೆವು. ನಾಯಿಗೂ ಒಂದು ಇತಿಹಾಸವಿದೆ ಎಂದು ಯಾರಾದರೂ ಅಂದಿದ್ದರೆ ಇಡೀ ತರಗತಿ ನಗುತ್ತಿತ್ತು. ಆದರೆ ಅಂಥದೊಂದು ಕಥೆ ಕಲ್ಲಿನ ಮೇಲೆಯೇ ಇದೆ. ಅದರ ಒಂದು ಎಳೆ ನಮ್ಮ ಜಿಲ್ಲೆಯದು.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಮುಮ್ಮಡಿ ಕೃಷ್ಣ 949ರ ಸುಮಾರಿಗೆ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಪರವಾಗಿ ಕಾದಿದ ಗಂಗರ ಬೂತುಗನ ಬಳಿ ಮಣಲೆರ ಎಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಮಣಲೆರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಒಡೆಯನ ನಾಯಿ ಕಾಳಿಯನ್ನು! ಮುಂದೆ ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹೋರಾಡಿ, ಹಂದಿಯೊಂದಿಗೆ ತಾನೂ ಸತ್ತಿತು. ಮಣಲೆರ ಅದಕ್ಕಾಗಿ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆತಕೂರು ಈಗಿನ ಮಂಡ್ಯ ಜಿಲ್ಲೆಯಲ್ಲಿದೆ. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜಾದಿತ್ಯ ಚೋಳನ ಸಾವು ಮತ್ತು ಒಂದು ನಾಯಿಯ ಸಾವು ಒಂದೇ ಕಲ್ಲಿನ ಮೇಲಿವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಗೆಳೆಯರು ಒಂದು ಭಾನುವಾರ ಹೋಗಿ ನೋಡಬೇಕು.

ನಮ್ಮ ಕಡೆ ಗಾಣಗಾಪುರದ ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿವೆ. ಅವು ನಾಲ್ಕು ವೇದಗಳು ಎನ್ನುತ್ತಾರೆ. ಪಟದ ನಾಯಿಗೆ ಕೈಮುಗಿದ ಮನೆಯವರೇ ಓಣಿಯ ನಾಯಿಯನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಕಮಲಾಪುರದಲ್ಲಿ ನಾನು ಬೆಳೆದ 90ರ ದಶಕದಲ್ಲಿ ನಾಯಿಗೆ ಒಬ್ಬ ಮಾಲೀಕ ಅಂತ ಇರಲಿಲ್ಲ, ಓಣಿ ಇತ್ತು. ಒಂದು ಮನೆಯ ತಂಗಳ ರೊಟ್ಟಿ, ಇನ್ನೊಂದು ಮನೆಯ ಕಟ್ಟೆ. ಬಾಳೆತೋಟ ಕಾಯಲು ಹೊರಟವರ ಹಿಂದೆ ತಾನೇ ಹೋಗುತ್ತಿತ್ತು. ಕಚ್ಚಿದರೆ ಮಾತ್ರ ಅದು ಯಾರದೂ ಅಲ್ಲ. ಆಗ ಹೊಟ್ಟೆಗೆ 14 ಸೂಜಿ ಎಂಬ ಹೆದರಿಕೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ದೇಶದಲ್ಲಿ ನಿಂತದ್ದು 2005ರ ಹೊತ್ತಿಗೆ. ಈಗ ಚುಚ್ಚುವುದು ತೋಳಿಗೆ.

ಕಲಬುರಗಿಯ ಅಪಾರ್ಟ್‌ಮೆಂಟುಗಳಲ್ಲಿ ಈಗ ಬೇರೆಯದೇ ಲೋಕ. ಮಕ್ಕಳಿಗಷ್ಟೇ ಬಳಸುತ್ತಿದ್ದ ದತ್ತು ಎಂಬ ಮಾತು ನಾಯಿಗೂ ಬಂದಿದೆ. ಬೀದಿ ನಾಯಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂಬ ನಿಯಮ 2001ರಲ್ಲಿ ಬಂತು, 2023ರಲ್ಲಿ ಹೊಸದಾಯಿತು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದಿತು. ಇದು ಆಗಬೇಕಾದ್ದೇ. ವರ್ಗಾವಣೆಯಾದಾಗ ಸೋಫಾ ಒಯ್ದು ನಾಯಿ ಬಿಟ್ಟುಹೋದವರನ್ನು ನಾನು ನೋಡಿದ್ದೇನೆ.

ನಾವು ಸಾಕಿದ ಮೋತಿ ಬೀದಿಯ ಮರಿ. ನಾಯಿ ಒಳಗೆ ಬಂದರೆ ಕಸಬರಿಗೆ ಎತ್ತುತ್ತಿದ್ದ ಅವ್ವನೇ ಅದರ ಲಸಿಕೆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. "ತಾರೀಖ್ ಬಂತು ನೋಡಪಾ, ಕರ್ಕೊಂಡು ಹೋಗು" ಎನ್ನುತ್ತಾಳೆ. ನಮ್ಮ ಹಳೆಯ ಓಣಿಯ ನಾಯಿಗಳಿಗೆ ರೊಟ್ಟಿ ಇನ್ನೂ ಸಿಗುತ್ತದೆ. ಅವುಗಳ ಚೀಟಿ ಮಾತ್ರ ಯಾವ ಮನೆಯಲ್ಲೂ ಇಲ್ಲ.