ಹಂಚಿನ ಮನೆಯ ದುರಸ್ತಿ: ಕೊಡಿಯಾಲ್‌ಬೈಲ್

ಮಂಗಳೂರು ನಗರದ ಕೊಡಿಯಾಲ್‌ಬೈಲ್‌ನಲ್ಲಿ ಬಿಷಪರ ನಿವಾಸ, ಕಾಲೇಜುಗಳು ಹಾಗೂ ಬಹುಮಹಡಿ ವಸತಿ ಕಟ್ಟಡಗಳ ನಡುವೆ ಉಳಿದುಕೊಂಡಿರುವ ಹಂಚಿನ ಮನೆಗಳಲ್ಲಿ, ಮಳೆಗಾಲಕ್ಕೆ ಮೊದಲು ಮನೆಯವರೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ದುರಸ್ತಿಗಳನ್ನು ಈ ಲೇಖನ ವಿವರಿಸುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದರಿಂದ, ಮಾಡಿನ ಕೆಲಸವನ್ನು ಪತ್ತನಾಜೆಯೊಳಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ ಬರುವ ಮೇ ಕೊನೆಯ ವಾರದೊಳಗೆ, ಮುಗಿಸಿಕೊಳ್ಳುವುದು ಜಾಣತನ.

ಈ ದುರಸ್ತಿ ಮನೆಯವರ ಕೈಗೆಟಕುವಂತಾದುದಕ್ಕೆ ಹಂಚಿನ ರಚನೆಯೇ ಕಾರಣ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಬಂದ ಮಂಗಳೂರು ಹಂಚು, ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಜಿಲಾರ್ಡೋನಿ ಸಹೋದರರು 1841ರಲ್ಲಿ ರೂಪಿಸಿದ, ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದರೆ ತೋಡಿನಲ್ಲಿ, ಕೂರುವ ಹಂಚಿನ ಕುಲಕ್ಕೆ ಸೇರಿದ್ದು. ಇಳಿಜಾರಾಗಿ ನಿಲ್ಲಿಸಿದ ಪಕ್ಕಾಸುಗಳ ಮೇಲೆ ಅಡ್ಡಲಾಗಿ ಬಡಿದ ತೆಳು ಪಟ್ಟಿಗಳಾದ ರೀಪುಗಳಿಗೆ ಹಂಚು ತನ್ನ ಅಡಿಯ ಮೊಳೆಯಂತಹ ಉಬ್ಬನ್ನು ಸಿಕ್ಕಿಸಿಕೊಂಡು ಸ್ವಂತ ಭಾರದಿಂದಲೇ ನಿಲ್ಲುತ್ತದೆ. ನೆತ್ತಿಯಲ್ಲಿ ಕವುಚಿ ಇಡುವ ಹಂಚುಗಳನ್ನು ಬಿಟ್ಟರೆ ಉಳಿದವಕ್ಕೆ ಗಾರೆ ಬೇಕಿಲ್ಲ. ಹೀಗಾಗಿ ಒಡೆದ ಒಂದನ್ನು ಮಾತ್ರ ತೆಗೆದು ಬೇರೊಂದನ್ನು ಕೂರಿಸಬಹುದು. ಕಾಂಕ್ರೀಟು ಮಾಡು ಸೋರಿದಾಗ ಈ ಅನುಕೂಲವಿಲ್ಲ.

ಸೋರುವ ಜಾಗವನ್ನು ಹುಡುಕುವುದೇ ಕಷ್ಟದ ಭಾಗ. ಬಿರುಕಿನಿಂದ ಇಳಿದ ನೀರು ರೀಪು, ಪಕ್ಕಾಸುಗಳ ಗುಂಟ ಹರಿದು ಎಲ್ಲೋ ತೊಟ್ಟಿಕ್ಕುವುದರಿಂದ, ನೆಲದಲ್ಲಿ ಒದ್ದೆಯಾದ ಜಾಗದ ನೇರ ಮೇಲೆ ಒಡಕು ಸಿಗುವುದು ಅಪರೂಪ. ಬಿಸಿಲಿರುವಾಗ ಅಟ್ಟಕ್ಕೆ ಹತ್ತಿ, ದೀಪ ಆರಿಸಿ, ಬೆಳಕಿನ ಗೆರೆ ಎಲ್ಲಿ ಕಾಣುತ್ತದೆಂದು ನೋಡಿ, ಮರದ ಮೇಲಿನ ಕಪ್ಪು ಕಲೆಯನ್ನು ಇಳಿಜಾರಿಗೆ ಎದುರಾಗಿ ಅನುಸರಿಸಿದರೆ ಮೂಲ ದೊರೆಯುತ್ತದೆ. ಬಳಿಕ ಒಳಗಿನಿಂದಲೇ ಮೇಲಿನ ಸಾಲಿನ ಹಂಚನ್ನು ಒಂದಿಷ್ಟು ಎತ್ತಿ ಹಿಡಿದು, ಒಡೆದುದನ್ನು ಉಬ್ಬು ಬಿಡಿಸಿ ಜಾರಿಸಿ ತೆಗೆದು, ಹೊಸದನ್ನು ಅದೇ ದಾರಿಯಲ್ಲಿ ಸೇರಿಸಬಹುದು. ಹಲವು ಸಲ ಹಂಚು ಒಡೆದೇ ಇರುವುದಿಲ್ಲ. ತರಗೆಲೆ ಮತ್ತು ಪಾಚಿ ಗಾಡಿಯನ್ನು ತುಂಬಿ ನೀರನ್ನು ಒಳಕ್ಕೆ ತಿರುಗಿಸಿರುತ್ತವೆ, ಅದಕ್ಕೆ ಗಟ್ಟಿ ಕುಂಚವೇ ಸಾಕು. ಎರಡು ಇಳಿಜಾರುಗಳು ಕೂಡುವ ತಗ್ಗಿನ ತಗಡಿನಲ್ಲಿ ಕಸ ನಿಲ್ಲದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ಪಾಚಿ ಕಟ್ಟಿದ ಒದ್ದೆ ಮಾಡಿನ ಮೇಲೆ ಹತ್ತುವುದು, ನೀರಿಳಿದ ಸ್ವಿಚ್ಚು ಬೋರ್ಡನ್ನು ಬಿಚ್ಚುವುದು ಮಾತ್ರ ಮನೆಯವರ ಕೆಲಸವಲ್ಲ. ಅವನ್ನು ಬಲ್ಲವರಿಗೇ ಬಿಡಬೇಕು.

ಮರಕ್ಕೆ ಗೆದ್ದಲು ಹತ್ತದಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನು ಬಳಿಯುವುದು ಕರಾವಳಿಯ ಹಳೆಯ ರೂಢಿ. ಆ ಎಣ್ಣೆ ತಾಗಿದಲ್ಲಿ ಚರ್ಮದ ಮೇಲೆ ಬೊಬ್ಬೆ ಏಳುವುದರಿಂದ ಕೈಗವಸು ಕಡ್ಡಾಯ. ಮಳೆಗಾಲದ ತೇವಕ್ಕೆ ಉಬ್ಬಿ ಬಿಗಿಯಾದ ಬಾಗಿಲನ್ನು ಆಗಲೇ ಹತ್ತರಿ ಹೊಡೆದರೆ ಬೇಸಗೆಯಲ್ಲಿ ಅದು ಸಂದು ಬಿಡುತ್ತದೆ. ಉಜ್ಜುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟು, ಮರ ಒಣಗಿದ ಮೇಲೆ ಅಲ್ಲಷ್ಟೇ ತೆಳುವಾಗಿ ಕೆತ್ತುವುದು ಸರಿಯಾದ ಕ್ರಮ. ಕೆಂಪುಕಲ್ಲಿನ ಗೋಡೆಗೆ ನೀರು ಬಿಡದ ಬಣ್ಣ ಬಳಿಯುವುದು ಇಂದು ಸಾಮಾನ್ಯವಾಗಿದೆಯಾದರೂ, ರಂಧ್ರಮಯವಾದ ಆ ಕಲ್ಲು ನೆಲದಿಂದ ಹೀರಿದ ತೇವ ಹೊರಹೋಗಲು ದಾರಿ ಕಾಣದೆ ಬಣ್ಣವನ್ನೇ ಸಿಪ್ಪೆಯಾಗಿ ಕಳಚುತ್ತದೆ. ಅಂಥ ಗೋಡೆಗೆ ಸುಣ್ಣವೇ ಉತ್ತಮ.

ನೇತ್ರಾವತಿ ಮತ್ತು ಗುರುಪುರ ನದಿಗಳ ಬಯಲಿನ ಜೇಡಿಯನ್ನು ನೆಚ್ಚಿದ್ದ ಹಂಚಿನ ಕಾರ್ಖಾನೆಗಳಲ್ಲಿ ಹಲವು ಮುಚ್ಚಿರುವುದರಿಂದ ಬದಲಿ ಹಂಚು ದೊರಕಿಸುವುದು ಈಗ ಸುಲಭವಲ್ಲ. ಒಂದು ಕಾರ್ಖಾನೆಯ ಅಚ್ಚಿನ ಗಾಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರದೆ ಸಂದಿನಲ್ಲಿ ನೀರಿಳಿಯುವುದುಂಟು. ಆದ್ದರಿಂದ ಹಳೆಯ ಮನೆ ಕೆಡಹುವಲ್ಲಿ ಹಂಚು ಕೊಳ್ಳುವವರು, ಅದರ ಮೈಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರನ್ನು ತಮ್ಮ ಮಾಡಿನ ಹಂಚಿನೊಡನೆ ಹೋಲಿಸಿ ನೋಡಿ, ಒಂದಷ್ಟು ಹೆಚ್ಚೇ ತಂದು ಹಿತ್ತಲ ಗೋಡೆಗೆ ಆನಿಸಿ ನಿಲ್ಲಿಸಿಡಬೇಕು.