ಬಾಡಿಗೆಯ ವಿಳಾಸ

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಕೃಷ್ಣರಾಜ ಮೊಹಲ್ಲಾದ ಒಂದು ವಠಾರದಲ್ಲಿ. ಬೀದಿ ಬಾಗಿಲಿಗೆ ಒಂದೇ ನಂಬರು, ಒಳಗೆ ಏಳು ಸಂಸಾರ. ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಯಾರು ಮೊದಲು ಓಡಿ ಬಂದರೋ ಅವರ ಕೈಗೆ ಕಾಗದ. ನಮ್ಮ ಅಕ್ಕನ ಹೆಸರಿನವರೇ ವಠಾರದಲ್ಲಿ ಇನ್ನೊಬ್ಬರಿದ್ದರು, ಐದನೇ ಮನೆಯ ಸೊಸೆ. 1968ರಲ್ಲಿ ಅಕ್ಕನಿಗೆ ಉಪಾಧ್ಯಾಯಿನಿಯ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಆ ಕಾಗದವನ್ನು ಯಾವುದೋ ಮಗು ಈಸಿಕೊಂಡು ಐದನೇ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿಬಿಟ್ಟಿತು. ಆ ಮನೆಯವರು ಮದುವೆಗೆಂದು ನಂಜನಗೂಡಿಗೆ ಹೋಗಿದ್ದರು. ಐದು ದಿನ ಬಿಟ್ಟು ಬಂದು, ಪಾಪ, ಅವರೇ ಕಾಗದ ತಂದುಕೊಟ್ಟರು. ಸಂದರ್ಶನ ಹಿಂದಿನ ದಿನವೇ ಮುಗಿದಿತ್ತು. ಅಕ್ಕ ಕಾಗದ ಓದಿ, ಮಡಿಸಿ, ಟ್ರಂಕಿನಲ್ಲಿಟ್ಟು, ಸೊಪ್ಪು ಬಿಡಿಸಲು ಕುಳಿತಳು. ಮರುವರ್ಷ ಅವಳ ಮದುವೆಯಾಯಿತು. ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ಅಷ್ಟು ಹಳೆಯ ಮಾತು ನನಗೆ ಮತ್ತೆ ನೆನಪಾದದ್ದು ಕಂಪ್ಯೂಟರಿನ ದೆಸೆಯಿಂದ ಎಂದರೆ ನೀವು ನಗಬಹುದು. ನನ್ನ ಮಗಳು ಇಲ್ಲಿಯದೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕಂಪ್ಯೂಟರ್ ಲ್ಯಾಬಿನ ಜವಾಬ್ದಾರಿಯೂ ಅವಳದೇ. ಹೋದ ವರ್ಷ ಒಂದು ರಾತ್ರಿ ಊಟಕ್ಕೂ ಏಳದೆ ಪರದೆ ನೋಡುತ್ತಾ ಕುಳಿತಿದ್ದಳು.

"ಏನೇ ಅದು?" ಎಂದೆ.

"ಅಮ್ಮ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಪ್ರಾಕ್ಟಿಕಲ್ ಪರೀಕ್ಷೆ. ನಲವತ್ತು ಯಂತ್ರ ಮಾಡಿಟ್ಟಿದ್ದೀನಿ. ಒಂದಕ್ಕೂ ವಿಳಾಸ ಸಿಗ್ತಾ ಇಲ್ಲ."

ಕಾಫಿ ಬೆರೆಸಿ ತಂದು ಪಕ್ಕದಲ್ಲಿ ಕುಳಿತೆ. "ನೀನು ವಠಾರದಲ್ಲಿ ಬೆಳೆದವಳಲ್ವಾ, ನಿನಗೆ ಬೇಗ ಅರ್ಥವಾಗುತ್ತೆ" ಎಂದು ಅವಳು ಶುರು ಮಾಡಿದಳು. ಕಾಲೇಜಿನ ಒಂದು ಕೋಣೆಯಲ್ಲಿ ಕೆಲವೇ ದೊಡ್ಡ ಕಂಪ್ಯೂಟರುಗಳಿವೆ. ತಂತ್ರಾಂಶದ ಬಲದಿಂದ ಒಂದೊಂದರೊಳಗೂ ಹತ್ತಾರು ಕಂಪ್ಯೂಟರುಗಳು ಬೇರೆಬೇರೆಯಾಗಿ ಸಂಸಾರ ಹೂಡಿದಂತೆ ನಡೆದುಕೊಳ್ಳುತ್ತವೆ. ಇವನ್ನೇ ವರ್ಚುವಲ್ ಮೆಷಿನ್ ಎನ್ನುವುದು. ಇದು ನಿನ್ನೆಯ ಬುದ್ಧಿಯಲ್ಲ. ಅಮೆರಿಕದ ಐಬಿಎಂ ಕಂಪೆನಿಯವರು 1960ರ ದಶಕದಲ್ಲೇ ಮಾಡಿ ನೋಡಿ, 1972ರಲ್ಲಿ ಗಿರಾಕಿಗಳಿಗೆ ಕೊಟ್ಟದ್ದು. ಹೀಗೆ ಬೇಕೆಂದಾಗ ಯಂತ್ರ ಕಟ್ಟಿ, ಬೇಡವೆಂದಾಗ ಕೆಡವುವ ಏರ್ಪಾಡನ್ನು ಸಂಸ್ಥೆಯೊಂದು ತನ್ನ ಮಟ್ಟಿಗೆ ಮಾಡಿಕೊಂಡರೆ ಅದು ಖಾಸಗಿ ಕ್ಲೌಡ್. ಹೆಸರಿಗೆ ಮೋಡ, ನೋಡಿದರೆ ನಮ್ಮ ವಠಾರವೇ!

ವಠಾರವೆಂದ ಮೇಲೆ ಮನೆ ನಂಬರು ಬೇಡವೇ? ವಿಳಾಸದ ಚರಿತ್ರೆ ನಮ್ಮೂರಿನವರಿಗೆ ಹೊಸದೇನಲ್ಲ. ಕೋಟೆಯ ಸುತ್ತ ಬೆಳೆದ ಮೈಸೂರನ್ನು ಹಿಂದಿನವರು ಮೊಹಲ್ಲಾಗಳಾಗಿ ವಿಂಗಡಿಸಿದ್ದರು: ದೇವರಾಜ, ಕೃಷ್ಣರಾಜ, ಚಾಮರಾಜ, ಲಷ್ಕರ್, ಮಂಡಿ, ನಜರ್‌ಬಾದ್. 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂದು, ಬಡಾವಣೆಗಳು ಏಳುತ್ತಾ ಹೋದ ಹಾಗೆ ಮೇನು, ಕ್ರಾಸುಗಳ ಲೆಕ್ಕ ಹುಟ್ಟಿತು. ದೊಡ್ಡವರಿಗಾದರೋ ಮನೆಯ ಹೆಸರೇ ಸಾಕಾಗಿತ್ತು. 'ಉದಯರವಿ' ಎಂದರೆ ಒಂಟಿಕೊಪ್ಪಲಿನ ಕುವೆಂಪು ಅವರ ಮನೆ ಎಂದು ಎಲ್ಲರೂ ಬಲ್ಲರು. ನಮ್ಮಂಥವರಿಗೆ ನಂಬರೇ ಗತಿ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದರ ಹಿಂದಿದ್ದವರು ಕೇಂದ್ರ ಸರ್ಕಾರದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಊರುಗಳು, ಹತ್ತು ಭಾಷೆಯ ಬರಹ, ಅರೆಬರೆ ವಿಳಾಸ ಇವುಗಳ ಗೋಜಲಿಗೆ ಆರು ಅಂಕಿಯ ಪರಿಹಾರ. 570 ಎಂದರೆ ಮೈಸೂರಿನ ಕಡೆ. ಉಳಿದ ಮೂರು ಅಂಕಿ ಯಾವ ಅಂಚೆ ಕಚೇರಿ ಎಂದು ಹೇಳುತ್ತದೆ. ನಮ್ಮ ಅಕ್ಕನ ಮಟ್ಟಿಗೆ ಅದು ನಾಲ್ಕು ವರ್ಷ ತಡವಾಯಿತು ಎಂದು ನಾನು ಅಂದುಕೊಳ್ಳುವುದುಂಟು. ಆದರೆ ಪಿನ್‌ಕೋಡಿಗೂ ವಠಾರದ ಒಳಗಿನ ಐದನೇ ಮನೆ, ಆರನೇ ಮನೆ ತಿಳಿಯುವುದಿಲ್ಲವಲ್ಲ!

ಕಂಪ್ಯೂಟರುಗಳ ಕಥೆಯೂ ಹೀಗೆಯೇ. 1969ರಲ್ಲಿ ಅಮೆರಿಕದಲ್ಲಿ ಮೊದಲ ಜಾಲ ಹೆಣೆದಾಗ ಇದ್ದದ್ದು ನಾಲ್ಕೇ ತಾಣ. ಜಾಲದ ಸಂಖ್ಯೆಗಳ ಪಟ್ಟಿಯನ್ನು ಬಹುಕಾಲ ಕಾಪಾಡಿದವರು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ. ಹೆಸರಿನಲ್ಲೇ ಪೋಸ್ಟು! 1998ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಲೆಕ್ಕ ಬಿಡಲಿಲ್ಲ. ಚುಕ್ಕಿಯಿಟ್ಟು ಬರೆಯುವ ನಾಲ್ಕು ಭಾಗದ ವಿಳಾಸ 1981ರಲ್ಲಿ ಗೊತ್ತಾಯಿತು. ಅದರಲ್ಲೂ ಪಿನ್‌ಕೋಡಿನ ಹಾಗೆ ಮೊದಲ ಭಾಗ ಯಾವ ಜಾಲವೆಂದು, ಉಳಿದದ್ದು ಅದರೊಳಗೆ ಯಾವ ಯಂತ್ರವೆಂದು ಹೇಳುತ್ತದೆ. ಒಟ್ಟು ಸುಮಾರು 429 ಕೋಟಿ ವಿಳಾಸ. ಮುಗಿಯದ ಕಣಜವೆಂದುಕೊಂಡರು; 2011ರ ಫೆಬ್ರವರಿ 3ರಂದು ಅದರ ಕೇಂದ್ರ ಸಂಗ್ರಹ ಬರಿದಾಯಿತು. ಅಷ್ಟರವರೆಗೆ ನೂಕಲು ನೆರವಾದ ಉಪಾಯಗಳಲ್ಲೊಂದು ವಠಾರದ ಉಪಾಯವೇ. 10ರಿಂದ, ಇಲ್ಲವೇ 192.168ರಿಂದ ಶುರುವಾಗುವ ಕೆಲವು ಸಂಖ್ಯೆಗಳನ್ನು ಒಳಬಳಕೆಗೆಂದು ಬಿಟ್ಟರು. 1996ರಲ್ಲಿ ಆ ನಿಯಮ ಗಟ್ಟಿಯಾಯಿತು. ಪ್ರತಿ ವಠಾರದಲ್ಲೂ ಮೂರನೇ ಮನೆ ಇರಬಹುದು, ಗೊಂದಲವಿಲ್ಲ. ಹೊರಗಿನ ಲೋಕಕ್ಕೆ ಬೀದಿ ಬಾಗಿಲಿನ ನಂಬರೊಂದೇ ಕಾಣುತ್ತದೆ.

ಒಳಗಿನ ನಂಬರು ಹಂಚುವವರು ಯಾರು? ಮೊದಲು ಮನುಷ್ಯರೇ ಒಂದೊಂದು ಯಂತ್ರಕ್ಕೂ ಕೈಯಿಂದ ಬರೆಯುತ್ತಿದ್ದರು. 1985ರಲ್ಲಿ, ಮೊದಲೇ ಬರೆದಿಟ್ಟ ಪಟ್ಟಿ ನೋಡಿ ಕೊಡುವ ವ್ಯವಸ್ಥೆ ಬಂತು. 1993ರಲ್ಲಿ ರಾಲ್ಫ್ ಡ್ರೋಮ್ಸ್ ಎಂಬ ಅಮೆರಿಕದ ಅಧ್ಯಾಪಕರು ರೂಪಿಸಿದ ಡಿಎಚ್‌ಸಿಪಿ ಎಂಬ ಪದ್ಧತಿ ಪ್ರಕಟವಾಯಿತು. ಅದರಲ್ಲಿ ವಿಳಾಸ ಸ್ವಂತದ್ದಲ್ಲ, ಅವಧಿಯ ಬಾಡಿಗೆಯದು. ಹೊಸ ಯಂತ್ರ ಅಂಗಳದಲ್ಲಿ ನಿಂತು "ನನಗೊಂದು ವಿಳಾಸ ಕೊಡುವವರು ಇದ್ದೀರಾ?" ಎಂದು ಕೂಗುತ್ತದೆ. ಹಂಚುವವನು "ಇದು ಖಾಲಿ ಇದೆ, ಆದೀತೇ?" ಎನ್ನುತ್ತಾನೆ. "ಅದನ್ನೇ ಕೊಡಿ" ಎನ್ನುತ್ತದೆ ಯಂತ್ರ. "ಇಷ್ಟು ದಿನಕ್ಕೆ ನಿನ್ನದು" ಎಂದು ಅವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನಾಲ್ಕು ಮಾತಿನ ವ್ಯವಹಾರ.

ಮಗಳು ಒಂದೊಂದನ್ನೇ ಪರೀಕ್ಷಿಸುತ್ತಾ ಹೋದಳು. ಹಂಚುವವನು ಎಚ್ಚರವಾಗಿದ್ದಾನೆಯೇ? ಇದ್ದ. ಕೂಗು ಅವನ ಕಿವಿಗೆ ಬೀಳುತ್ತಿದೆಯೇ? ಬೀಳುತ್ತಿತ್ತು. ಯಾರೂ ಉತ್ತರ ಕೊಡದಿದ್ದರೆ ಕೆಲವು ಯಂತ್ರಗಳು 169.254ರಿಂದ ಶುರುವಾಗುವ ಸಂಖ್ಯೆಯೊಂದನ್ನು ತಾವೇ ಹಚ್ಚಿಕೊಳ್ಳುತ್ತವಂತೆ. ಇವಳ ಯಂತ್ರಗಳು ಅದನ್ನೂ ಮಾಡದೆ ಸುಮ್ಮನಿದ್ದವು. ಕೊನೆಗೆ ಬಾಡಿಗೆಯ ಪುಸ್ತಕ ತೆಗೆದಳು. ಎಲ್ಲ ಮನೆಯೂ ಭರ್ತಿ! ಆದರೆ ಯಾರಿಂದ? ಹಿಂದಿನ ಸೆಮಿಸ್ಟರಿನಲ್ಲಿ ಮಾಡಿ, ಕೆಲಸ ಮುಗಿದ ಮೇಲೆ ಅಳಿಸಿಹಾಕಿದ ಯಂತ್ರಗಳಿಂದ. ಅಳಿಸುವಾಗ ಅವು ಬೀಗದ ಕೈ ಹಿಂತಿರುಗಿಸಿರಲಿಲ್ಲ. ಯಾರೋ ಮೊದಲಿದ್ದವರು ಅವಧಿಯನ್ನು ತಿಂಗಳುಗಟ್ಟಲೆ ಇಟ್ಟಿದ್ದರು. ಸತ್ತವರ ಹೆಸರಿನಲ್ಲಿ ಮನೆಗಳು, ಇದ್ದವರು ಬೀದಿಯಲ್ಲಿ.

ಸತ್ತ ಹೆಸರುಗಳನ್ನು ತೆಗೆದು, ಅವಧಿಯನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿದಳು. ಈಗ ವಿಳಾಸ ಬಂತು. ಬಂತು ನೋಡಿ, ನಲವತ್ತಕ್ಕೂ ಒಂದೇ ವಿಳಾಸ! ಒಂದನ್ನು ಕರೆದರೆ ಇನ್ನೊಂದು ಓಗೊಡುತ್ತದೆ, ಮರುಗಳಿಗೆ ಮೂರನೆಯದು. ನನಗೆ ಎದೆ ಧಸಕ್ಕೆಂದಿತು. ಅಂಚೆಯವನ ಕೂಗು ಕಿವಿಯಲ್ಲಿ ಕೇಳಿದಂತಾಯಿತು.

ಇದರ ಮೂಲ ಹುಡುಕುವಾಗ ಒಂದು ಗಂಟೆ ದಾಟಿತ್ತು. ನಲವತ್ತು ಯಂತ್ರಗಳನ್ನೂ ಒಂದು ಮಾದರಿಯಿಂದ ಅಚ್ಚು ತೆಗೆದದ್ದು. ಆ ಮಾದರಿಯನ್ನು ಸರಿಯಿದೆಯೇ ಎಂದು ನೋಡಲು ಒಮ್ಮೆ ಚಾಲೂ ಮಾಡಿದ್ದಳು. ಮೊದಲ ಸಲ ಕಣ್ಣು ಬಿಟ್ಟಾಗ ಯಂತ್ರ ತನಗೊಂದು ಗುರುತಿನ ಸಂಖ್ಯೆ ಬರೆದುಕೊಳ್ಳುತ್ತದೆ. ಅಚ್ಚಿನ ಜೊತೆಗೆ ಆ ಗುರುತೂ ನಲವತ್ತಕ್ಕೂ ಹೋಗಿತ್ತು. ಹಂಚುವವನು ಮುಖ ನೋಡುವುದಿಲ್ಲ, ಗುರುತಿನ ಚೀಟಿ ನೋಡುತ್ತಾನೆ. ನಲವತ್ತು ಜನ ಒಂದೇ ಚೀಟಿ ಹಿಡಿದು ಬಂದರೆ ಅವನಿಗೆ ಒಬ್ಬನೇ ನಲವತ್ತು ಸಲ ಬಂದ ಹಾಗೆ. ಮಗಳು ಮಾದರಿಯ ಚೀಟಿಯನ್ನು ಖಾಲಿ ಮಾಡಿ, ಎಲ್ಲವನ್ನೂ ಹೊಸದಾಗಿ ಅಚ್ಚು ತೆಗೆದಳು. ಒಂದೊಂದೂ ತನ್ನ ಗುರುತನ್ನು ತಾನೇ ಬರೆದುಕೊಂಡಿತು. ನಲವತ್ತು ಯಂತ್ರ, ನಲವತ್ತು ವಿಳಾಸ. ಗಂಟೆ ಎರಡೂವರೆ.

"ಇಷ್ಟಕ್ಕೆ ಇಷ್ಟು ಒದ್ದಾಟವೇ? ಪರೀಕ್ಷೆ ಮುಂದಕ್ಕೆ ಹಾಕಿದ್ದರಾಗುತ್ತಿರಲಿಲ್ಲವೇ?" ಎಂದೆ. "ಹುಣಸೂರಿನ ಕಡೆಯಿಂದ ಬರೋ ಹುಡುಗಿಯೊಬ್ಬಳಿದ್ದಾಳಮ್ಮ. ಈ ವಾರ ಪಾಸಾದರೆ ಕೆಲಸಕ್ಕೆ ಸೇರಬೇಕು. ತಡವಾದರೆ ಮನೆಯಲ್ಲಿ ಮದುವೆ ಅಂತಾರಂತೆ" ಎಂದಳು. ನಾನು ಮತ್ತೆ ಮಾತಾಡಲಿಲ್ಲ.

ನಾವು ಹೆಂಗಸರು ಬಾಡಿಗೆಯ ವಿಳಾಸದಲ್ಲೇ ಬಾಳಿದವರಲ್ಲವೇ? ಮೊದಲು ಕೇರಾಫ್ ತಂದೆ, ಆಮೇಲೆ ಕೇರಾಫ್ ಗಂಡ. ಬಾಡಿಗೆಯದೆಂಬ ಕೊರಗು ಅಷ್ಟೇನೂ ಇಲ್ಲ. ಬರೆದಿಡುವವರು ಸರಿಯಾಗಿ ಬರೆದಿಟ್ಟರೆ, ಒಬ್ಬಳ ಹೆಸರು ಇನ್ನೊಬ್ಬಳದರಲ್ಲಿ ಕಳೆದುಹೋಗದಿದ್ದರೆ, ಅಷ್ಟೇ ಸಾಕು.

ಆ ಭಾನುವಾರ ಅಕ್ಕನಿಗೆ ಫೋನು ಮಾಡಿ ಮಗಳು ಇದನ್ನೆಲ್ಲ ಹೇಳಿದಳು. ಎಷ್ಟು ಅರ್ಥವಾಯಿತೋ ಕಾಣೆ, ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು:

"ಆ ಹುಡುಗಿ ಬೆಳಿಗ್ಗೆ ಪರೀಕ್ಷೆ ಬರೆದಳೇನೇ?"

"ಬರೆದಳು ದೊಡ್ಡಮ್ಮ."

"ಸದ್ಯ" ಎಂದಳು ಅಕ್ಕ.