ಏಲಕ್ಕಿ ಬಾಕಿಗೆ ಏಡನ್ನಿನ ಬಹಿಷ್ಕಾರ

ಮಂಗಳೂರು ಕಡೆಯ ಒಬ್ಬ ವ್ಯಾಪಾರಿ ಏಲಕ್ಕಿ ಕೊಡುತ್ತೇನೆಂದು ಮುಂಗಡ ಇಸಕೊಂಡ. ಏಲಕ್ಕಿಯೂ ಬರಲಿಲ್ಲ, ಹಣವೂ ವಾಪಸಾಗಲಿಲ್ಲ. ಇಂಥ ಕಥೆ ಯಾವ ಮಂಡಿಯಲ್ಲಿ ಕೇಳಿದರೂ ಸಿಗುತ್ತದೆ, ನಿಜ. ಆದರೆ ಇದು ನಡೆದದ್ದು 12ನೇ ಶತಮಾನದಲ್ಲಿ. ಹಣ ಮುಳುಗಿದ್ದು ಯೆಮನ್ ದೇಶದ ಏಡನ್ ಬಂದರಿನ ಯೂಸುಫ್ ಬಿನ್ ಅಬ್ರಹಾಂ ಎಂಬ ಯಹೂದಿ ವರ್ತಕನದು. ಮಂಗಳೂರಿನಲ್ಲಿ ಅವನ ಪರವಾಗಿ ವ್ಯವಹರಿಸಿದವನು ಗೆಳೆಯ ಅಬ್ರಹಾಂ ಬೆನ್ ಯಿಜು. ನಯವಾಗಿ ಕೇಳಿ ನೋಡಿದ್ದೇನೆ ಎಂದು ಬೆನ್ ಯಿಜು ಬರೆದ. ನಯ ಸಾಕು, ಸ್ವಲ್ಪ ಹೆದರಿಸು ಎಂದು ಯೂಸುಫನ ಉತ್ತರ ಬಂತು: ಬಾಕಿ ತೀರಿಸದವರಿಗೆ ಏಡನ್ನಿನಲ್ಲಿ ಬಹಿಷ್ಕಾರ ಹಾಕುತ್ತೇವೆ, ಕೊಡದಿದ್ದರೆ ಬಹಿಷ್ಕಾರದ ಪತ್ರವೇ ಬರುತ್ತದೆ ಎಂದು ಅವನಿಗೆ ಹೇಳು!

ಕಡಲಾಚೆಯ ಯಹೂದಿಗಳ ಬಹಿಷ್ಕಾರಕ್ಕೆ ಕರಾವಳಿಯ ಏಲಕ್ಕಿ ವ್ಯಾಪಾರಿ ಎಷ್ಟು ನಡುಗಿಯಾನು?

ಆದರೂ ಆ ಬೆದರಿಕೆ ಬಾಲಿಶವಲ್ಲ. ಯೂಸುಫನ ಜಗತ್ತಿನಲ್ಲಿ ಸಾಲ ವಸೂಲಿಗೆ ಅದು ದೊಡ್ಡ ಆಯುಧವೇ. ಆ ಜಗತ್ತು ಹೇಗೆ ನಡೆಯುತ್ತಿತ್ತು ಎಂಬುದನ್ನು ಬೆನ್ ಯಿಜುವಿನ ವ್ಯವಹಾರವೇ ಹೇಳುತ್ತದೆ. ಬೆನ್ ಯಿಜು ಹುಟ್ಟಿದ್ದು ಇಂದಿನ ಟ್ಯುನೀಸಿಯಾದ ಮಹದಿಯಾದಲ್ಲಿ. 1132ರ ಹೊತ್ತಿಗೆ ಮಂಗಳೂರಿಗೆ ಬಂದಿದ್ದ. ಆ ವರ್ಷದ ಅಕ್ಟೋಬರ್‌ನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇಂದಿಗೂ ಉಳಿದಿದೆ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಹೇಳುತ್ತಾರೆ. ನಡುವೆ ಒಂದಷ್ಟು ಕಾಲ ಬಿಟ್ಟರೆ 1149ರವರೆಗೂ ಅವನು ಈ ಕರಾವಳಿಯಲ್ಲೇ ಇದ್ದ. ಮೆಣಸು, ಕಬ್ಬಿಣ, ಅಡಕೆ, ಏಲಕ್ಕಿ ಇಲ್ಲಿಂದ ಏಡನ್ನಿಗೆ ಹೋಗುತ್ತಿದ್ದವು. ಅಲ್ಲಿ ಅವನ್ನು ಮಾರಿ ಲೆಕ್ಕ ಬರೆದಿಡುತ್ತಿದ್ದವರು ಮೂವರು: ಯೂಸುಫ್, ಖಲಫ್ ಬಿನ್ ಇಸ್ಹಾಕ್ ಮತ್ತು ವರ್ತಕರ ಪ್ರತಿನಿಧಿಯಾಗಿದ್ದ ಮದ್ಮೂನ್.

ಅವರಿಗೆ ಕಮಿಷನ್ ಇರಲಿಲ್ಲ. ನಿನ್ನ ಸರಕನ್ನು ನಾನು ಇಲ್ಲಿ ಮಾರುತ್ತೇನೆ, ನನಗೆ ಬೇಕಾದ್ದನ್ನು ನೀನು ಅಲ್ಲಿ ಕೊಂಡು ಕಳಿಸು, ಅಷ್ಟೇ. ಅರಬ್ಬಿಯಲ್ಲಿ ಇದಕ್ಕೆ ಸುಹ್ಬಾ ಎಂಬ ಹೆಸರಿತ್ತು. ಒಡನಾಟ ಎಂದರೆ ಸರಿಹೋಗುತ್ತದೆ. ಮಳೆಗಾಲದ ಗಾಳಿ ನೋಡಿ ಹಡಗು ಹೊರಡುತ್ತಿದ್ದ ಕಾಲವದು. ಇಂದು ಕೇಳಿದ್ದಕ್ಕೆ ಉತ್ತರ ಬರುವುದು ಮುಂದಿನ ಹಂಗಾಮಿಗೆ. ಅಲ್ಲಿಯತನಕ ಗೆಳೆಯನ ಮಾತೇ ರಸೀತಿ. ಮಾತು ತಪ್ಪಿದವನನ್ನು ಬಳಗದಿಂದ ಹೊರಗಿಡುವುದೇ ಬಹಿಷ್ಕಾರ.

ಒಮ್ಮೆ ಏಡನ್ ಕಡೆಯ ಬಾಬೆಲ್ ಮಂದೆಬ್ ಜಲಸಂಧಿಯಲ್ಲಿ ಬೆನ್ ಯಿಜುವಿನ ಸರಕಿದ್ದ ಹಡಗೊಂದು ಒಡೆಯಿತು. ಮೆಣಸೆಲ್ಲ ನೀರುಪಾಲು. ಕಬ್ಬಿಣಕ್ಕಾಗಿ ಮುಳುಗುಗಾರರನ್ನು ಕೂಲಿಗೆ ಇಳಿಸಿ, ಸುಮಾರು ಅರ್ಧದಷ್ಟನ್ನು ಮೇಲೆತ್ತಿಸಿದ ಸಂಗತಿ ಮಂಗಳೂರಿಗೆ ಹೋದ ಪತ್ರದಲ್ಲಿದೆ. ಎಲ್ಲವೂ ಹೋಯಿತು ಎಂದು ಬರೆದು ಸುಮ್ಮನಿದ್ದಿದ್ದರೆ ಇಲ್ಲಿ ಕುಳಿತವನಿಗೆ ಗೊತ್ತಾಗುತ್ತಿತ್ತೇ?

ಲೆಕ್ಕದ ಜೊತೆ ಉಡುಗೊರೆಯೂ ಬರುತ್ತಿತ್ತು. ಸಕ್ಕರೆ, ಒಣದ್ರಾಕ್ಷಿ, ಮತ್ತೆ ಇಲ್ಲಿ ಸಿಗದ ಬಿಳಿ ಕಾಗದ. ಒಡೆದ ತಾಮ್ರ, ಕಂಚಿನ ಪಾತ್ರೆಗಳೂ ಮಂಗಳೂರಿಗೆ ಹಡಗು ಹತ್ತುತ್ತಿದ್ದವು. ಕಂಚುಗಾರರಿಂದ ಕರಗಿಸಿ ಹೊಸದು ಮಾಡಿಸುವ ಕೆಲಸಶಾಲೆಯೊಂದನ್ನು ಬೆನ್ ಯಿಜು ನಡೆಸುತ್ತಿದ್ದ.

ಈ ಬಳಗದಲ್ಲಿ ಯಹೂದಿಗಳಷ್ಟೇ ಇರಲಿಲ್ಲ. ಮಂಗಳೂರಿನ ಮೂವರು ವರ್ತಕರಿಗೆ ನನ್ನ ವಂದನೆ ತಿಳಿಸು, ಅವರು ಮಂಗಳೂರಿನಿಂದ ಏಡನ್ನಿಗೆ ಹಡಗು ಹೊರಡಿಸಿದರೆ ನಾನೂ ಪಾಲು ಹಾಕುತ್ತೇನೆ ಎಂದು ಮದ್ಮೂನ್ ಬರೆದಿದ್ದ. ಅವರಲ್ಲಿ ಒಬ್ಬನ ಹೆಸರು ಪತ್ರದಲ್ಲಿ 'ಸೂಸ್ ಸೀತಿ' ಎಂದಿದೆ. ನಮ್ಮ ಶೆಟ್ಟಿ ಇದ್ದೀತು. ಏಲಕ್ಕಿ ವ್ಯಾಪಾರಿಗೂ ಇವನಿಗೂ ಇದ್ದ ಅಂತರ ಇಷ್ಟೇ: ಮುಂದಿನ ವರ್ಷವೂ ಏಡನ್ನಿನೊಂದಿಗೆ ವ್ಯವಹಾರ ಬೇಕಿದ್ದವನನ್ನು ಹೆದರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಬೆನ್ ಯಿಜುವಿನ ಆಳಿನ ಕಥೆ ಇನ್ನೂ ರುಚಿಯಾಗಿದೆ. ಸರಕು, ಹಣ, ಪತ್ರ ಹೊತ್ತು ಏಡನ್ನಿಗೆ ಹೋಗಿ ಬರುತ್ತಿದ್ದವನು ಅವನೇ. ಅಲ್ಲಿ ಕುಡಿದು, ದುಡ್ಡಿಗಾಗಿ ಪೀಡಿಸಿದನೆಂದು ಮದ್ಮೂನ್ ದೂರು ಬರೆದಿದ್ದಾನೆ. ಅದೇ ಆಳಿಗೆ 1148ರ ಪತ್ರದಲ್ಲಿ ಖಲಫ್ ಹೆಸರು ಹಿಡಿದು ವಂದನೆ ಹೇಳುತ್ತಾನೆ. ಹೀಬ್ರೂ ಲಿಪಿಯ ಮೂರಕ್ಷರದ ಆ ಹೆಸರು ಏನಿರಬಹುದೆಂದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ವಿಚಾರಿಸಿದಾಗ, ಅದು 'ಬೊಮ್ಮ' ಎಂದು ಬಿಡಿಸಿ ಹೇಳಿದವರು ಪ್ರೊ. ಬಿ.ಎ. ವಿವೇಕ ರೈ. ಈ ಹುಡುಕಾಟದ ಕಥೆ ಹೇಳುವ ಘೋಷ್ ಅವರ ಪುಸ್ತಕ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' 1992ರಲ್ಲಿ ಬಂತು.

ಇಷ್ಟೆಲ್ಲ ನಮಗೆ ತಿಳಿದದ್ದು ಯಹೂದಿಗಳ ಒಂದು ರೂಢಿಯಿಂದ. ದೇವರ ಹೆಸರಿರಬಹುದಾದ ಕಾಗದವನ್ನು ಅವರು ಹರಿದೆಸೆಯುತ್ತಿರಲಿಲ್ಲ. ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯೊಂದಕ್ಕೆ ಹಾಕುತ್ತಿದ್ದರು. ಮಂಗಳೂರು ಬಿಟ್ಟ ಬೆನ್ ಯಿಜು, ಬಂದ ಪತ್ರಗಳನ್ನು ಕಟ್ಟಿಕೊಂಡು ಈಜಿಪ್ಟ್ ಸೇರಿದ್ದ. ಅವೂ ಆ ಕೋಣೆಗೇ ಬಿದ್ದವು. ಆ ಕೋಣೆಯ ರಾಶಿಯಲ್ಲಿ ಬಹುಪಾಲನ್ನು ವಿದ್ವಾಂಸ ಸಾಲೊಮನ್ ಶೆಕ್ಟರ್ 1897ರಲ್ಲಿ ಇಂಗ್ಲೆಂಡಿಗೆ ಒಯ್ದರು. ಮಂಗಳೂರಿನ ಆ ಪತ್ರಗಳಲ್ಲಿ ಹಲವು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಕೆಲವುಗಳ ಹಿಂಬದಿಯಲ್ಲಿ ಬೆನ್ ಯಿಜು ತನ್ನ ಲೆಕ್ಕ ಗೀಚಿಕೊಂಡಿದ್ದಾನೆ.